ಸ್ವದೇಶದ ವಿಮಾನಪಾಳೆಯದಿಂದ ಬರೆದ ಕಾಗದಗಳು: ರಾಂಡಲ್ ಜರೆಲ್ ಕವಿಯ ಯುದ್ಧಕಾಲದ ಪತ್ರಗಳನ್ನು ಕುರಿತು

ಯುದ್ಧಕಾಲದ ಪತ್ರಗಳೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ರಣರಂಗದಲ್ಲಿ, ಕಂದಕದ ಕೆಸರಿನಲ್ಲಿ ಕುಳಿತು, ಗುಂಡಿನ ಸದ್ದಿನ ನಡುವೆ ಸೀಸದ ಕಡ್ಡಿಯಿಂದ ಗೀಚಿದ ಕಾಗದವು. ಸಂಕಲನಕಾರರೂ ಬಹುಮಟ್ಟಿಗೆ ಅಂತಹವನ್ನೇ ಅರಸಿ ಪ್ರಕಟಿಸಿರುವರು. ಆದರೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೈನಿಕರು ಮನೆಗೆ ಬರೆದ ಕಾಗದಗಳಲ್ಲಿ ಒಂದು ದೊಡ್ಡ ಭಾಗವು ಅವರು ಕಡಲನ್ನು ದಾಟುವುದಕ್ಕೆ ಮುಂಚೆ ಸ್ವದೇಶದ ತರಬೇತಿ ಪಾಳೆಯಗಳಲ್ಲಿ ಹುಟ್ಟಿದುದು. ಕಡಲನ್ನು ದಾಟದೆಯೇ ಯುದ್ಧವನ್ನು ಮುಗಿಸಿದವರೂ ಅಸಂಖ್ಯರು. ಇವರ ಕಾಗದಗಳಲ್ಲಿ ಶತ್ರುವಿಲ್ಲ, ಮುತ್ತಿಗೆಯಿಲ್ಲ, ಗೆಲವು ಸೋಲುಗಳಿಲ್ಲ. ಈ ಕಾರಣದಿಂದಲೇ ಚರಿತ್ರಕಾರನು ಅವನ್ನು ಬದಿಗಿಡುವನು. ಸಾಹಿತ್ಯವನ್ನು ಬೋಧಿಸುವವರೂ ಅವನ್ನು ಹೆಚ್ಚಾಗಿ ನೋಡುವುದಿಲ್ಲ. ಇದು ನಮಗೆ ಸರಿಯಾಗಿ ತೋರುವುದಿಲ್ಲ. ಅಮೆರಿಕದ ವೈಮಾನಿಕ ಯುದ್ಧವನ್ನು ಕುರಿತು ಆ ದೇಶದಲ್ಲಿ ಹುಟ್ಟಿದ ಕವಿತೆಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ಇಂತಹ ಪಾಳೆಯದಲ್ಲಿ ಕುಳಿತಿದ್ದವನೊಬ್ಬನಿಂದ ರಚಿತವಾದುವೆಂಬ ಒಂದು ಸಂಗತಿಯೇ ಈ ವರ್ಗದ ಪತ್ರಗಳನ್ನು ಗಮನಿಸುವುದಕ್ಕೆ ಸಾಕಾದ ಕಾರಣವು.

ಆತನು ರಾಂಡಲ್ ಜರೆಲ್ (1914–1965). ಕವಿಯೆಂದೂ ಅದಕ್ಕಿಂತ ಮಿಗಿಲಾಗಿ ವಿಮರ್ಶಕನೆಂದೂ ಆತನನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರು ಬಲ್ಲರು. ಜರೆಲನು ಒಂದು ಶತ್ರುವಿಮಾನವನ್ನೂ ಕಂಡವನಲ್ಲ. ಯುದ್ಧಕಾಲವೆಲ್ಲ ಸ್ವದೇಶದ ನೆಲದ ಮೇಲೆಯೇ ಕಳೆಯಿತು. ಹಾಗಿದ್ದೂ ಬಾಂಬುವಿಮಾನದ ಹೊಟ್ಟೆಯೊಳಗೆ ಸತ್ತವನ ದನಿಯಲ್ಲಿ ಆತನು ಬರೆದ ಐದು ಪಂಕ್ತಿಗಳ ಪದ್ಯವು ಇಂದು ಲೋಕದ ಪಠ್ಯಪುಸ್ತಕಗಳಲ್ಲಿ ಸೇರಿಹೋಗಿದೆ. ಕಾಣದುದನ್ನು ಕಂಡಂತೆ ಹೇಳುವ ಅಧಿಕಾರವು ಆತನಿಗೆ ಎಲ್ಲಿಂದ ಬಂದಿತು? ಇದು ಕಲ್ಪನೆಯ ಬಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಪತ್ರಗಳನ್ನು ಓದಿದರೆ ಉತ್ತರವು ಇನ್ನಷ್ಟು ನಿಖರವಾಗುತ್ತದೆ.

ಪತ್ರಗಳೊಳಕ್ಕೆ ಹೋಗುವ ಮುನ್ನ ಅವು ಯಾವ ಏರ್ಪಾಡಿನಲ್ಲಿ ಮನೆಯನ್ನು ಸೇರುತ್ತಿದ್ದುವೆಂಬುದನ್ನು ತಿಳಿಯುವುದವಶ್ಯ. ಏಕೆಂದರೆ ಅಂಚೆಯ ನಿಯಮಗಳು ಬರೆವಣಿಗೆಯ ಸ್ವಭಾವವನ್ನೇ ಬದಲಿಸಬಲ್ಲುವು. 1942ನೆಯ ಇಸವಿ ಮಾರ್ಚಿ 27ರ ಶಾಸನದ ಮೇರೆಗೆ ಸೇವೆಯಲ್ಲಿರುವ ಸೈನಿಕನು ತನ್ನ ಸಾಮಾನ್ಯ ಕಾಗದಗಳಿಗೆ ಅಂಚೆಚೀಟಿಯನ್ನು ಹಚ್ಚಬೇಕಾಗಿರಲಿಲ್ಲ. ಲಕೋಟೆಯ ಬಲಮೂಲೆಯಲ್ಲಿ, ಚೀಟಿಯಿರಬೇಕಾದ ಸ್ಥಳದಲ್ಲಿ, ‘ಫ್ರೀ’ ಎಂದು ಕೈಯಿಂದ ಬರೆದು, ಎಡಮೂಲೆಯಲ್ಲಿ ತನ್ನ ಹೆಸರು, ದರ್ಜೆ, ದಳ ಇವನ್ನು ನಮೂದಿಸಿದರೆ ಸಾಕಾಗಿತ್ತು. ಹೊರದೇಶದಲ್ಲಿದ್ದವರಿಗೂ ಸ್ವದೇಶದ ಪಾಳೆಯಗಳಲ್ಲಿದ್ದವರಿಗೂ ಇದು ಸಮಾನವಾಗಿ ಸಲ್ಲುತ್ತಿದ್ದಿತು. 1947ರ ಕೊನೆಯವರೆಗೆ ನಡೆಯಿತು. ನಾಗರಿಕನು ಆಗ ಒಂದು ಕಾಗದಕ್ಕೆ ತೆರುತ್ತಿದ್ದುದು 3 ಸೆಂಟುಗಳು. ವಿಮಾನದ ಟಪಾಲಿಗೆ ಮಾತ್ರ ಈ ಉಚಿತ ಸೌಲಭ್ಯವಿರಲಿಲ್ಲ. ವಿಮಾನದಳದವನ ಕಾಗದವು ವಿಮಾನದಲ್ಲಿ ಹೋಗಬೇಕಾದರೆ ಆತನೇ ಹಣ ಕೊಡಬೇಕು, ರೈಲಿನಲ್ಲಾದರೆ ಪುಕ್ಕಟೆ ಎಂಬುದರ ವಿನೋದವು ಆ ಸಿಪಾಯಿಗಳಿಗೂ ಹೊಳೆದಿರಬೇಕು.

ಉಚಿತವಾದುದರಿಂದ ಒಂದು ಪರಿಣಾಮವುಂಟಾಯಿತು. ದುಡ್ಡು ಕೊಟ್ಟು ಕಳುಹಿಸುವ ಕಾಗದವನ್ನು ಮನುಷ್ಯನು ತುಂಬಿ ಕಳುಹಿಸುವನು. ಸುದ್ದಿಯು ಕೂಡುವವರೆಗೆ ಕಾಯುವನು. ಪುಕ್ಕಟೆಯ ಕಾಗದವು ಕಾಯಬೇಕಾಗಿಲ್ಲ. ಇಂದು ಸಂಜೆ ಒಂದು, ನಾಳೆ ಮಧ್ಯಾಹ್ನ ಒಂದು; ವಿಷಯವಿಲ್ಲದಿದ್ದರೆ ವಿಷಯವಿಲ್ಲವೆಂದೇ ಒಂದು. ಪಾಳೆಯದ ಅಂಗಡಿಯಲ್ಲಿ ವಿಮಾನದ ಚಿತ್ರವನ್ನೂ ಪಾಳೆಯದ ಹೆಸರನ್ನೂ ಅಚ್ಚುಹಾಕಿದ ಕಾಗದವು ಮಾರಾಟಕ್ಕಿರುತ್ತಿದ್ದಿತು. 1941ರಲ್ಲಿ ಸ್ಥಾಪಿತವಾದ ಯು. ಎಸ್. ಓ. ಎಂಬ ಸೈನಿಕಸೇವಾ ಸಂಸ್ಥೆಯ ವಿರಾಮಗೃಹಗಳಲ್ಲಿ ಬರೆಯುವ ಮೇಜೂ ಕಾಗದವೂ ಬೆಲೆಯಿಲ್ಲದೆ ದೊರೆಯುತ್ತಿದ್ದುವು. ಹೀಗಾಗಿ ಈ ಪತ್ರಗಳು ದಿನಚರಿಗೆ ಸಮೀಪವಾದುವು. ನಮ್ಮಲ್ಲಿ ‘ಉಭಯ ಕುಶಲೋಪರಿ’ ಎಂದು ಆರಂಭಿಸಿ ಸಂಗತಿಗೆ ಬರುವ ಪದ್ಧತಿಯಿತ್ತಷ್ಟೆ. ಪಾಳೆಯದ ಅನೇಕ ಕಾಗದಗಳಲ್ಲಿ ಕುಶಲೋಪರಿಯೇ ಸಂಗತಿಯೂ ಆಗಿರುವುದು.

ಎರಡನೆಯ ನಿಯಮವು ಇದಕ್ಕಿಂತ ಮುಖ್ಯವಾದುದು. ಹೊರದೇಶಕ್ಕೆ ಹೋದ ಸಿಪಾಯಿಯ ಕಾಗದವನ್ನು ಆತನ ದಳದ ಅಧಿಕಾರಿಯೇ ಓದಿ, ಕೂಡದ ಮಾತುಗಳನ್ನು ಕತ್ತರಿಸಿ, ರುಜುಹಾಕಿ ಕಳುಹಿಸುತ್ತಿದ್ದನು. ದೇಶದ ಗಡಿಯನ್ನು ದಾಟುವ ನಾಗರಿಕ ಟಪಾಲನ್ನು ಪರಿಶೀಲಿಸಲು 1941ರ ಡಿಸೆಂಬರಿನಲ್ಲಿ ಬೈರನ್ ಪ್ರೈಸ್ ಎಂಬಾತನ ಕೈಕೆಳಗೆ ಪ್ರತ್ಯೇಕವಾದ ಕಚೇರಿಯೇ ಏರ್ಪಟ್ಟಿತು. ಆದರೆ ಸ್ವದೇಶದ ಪಾಳೆಯದಿಂದ ಸ್ವದೇಶದ ಮನೆಗೆ ಹೋಗುವ ಕಾಗದವನ್ನು ಸಾಮಾನ್ಯವಾಗಿ ಯಾರೂ ಒಡೆಯುತ್ತಿರಲಿಲ್ಲ. ಪರಮಾಣುಬಾಂಬಿನ ಕಾರ್ಯವು ನಡೆಯುತ್ತಿದ್ದ ಲಾಸ್ ಅಲಮಾಸಿನಂತಹ ಗುಪ್ತಸ್ಥಳಗಳು ಇದಕ್ಕೆ ಅಪವಾದ. ಅಲ್ಲಿಯ ಕಾಗದಗಳು ಪರಿಶೀಲನೆಗೊಳಗಾಗಿ, ಸಾಂಟಾ ಫೆ ನಗರದ ಒಂದು ಅಂಚೆಪೆಟ್ಟಿಗೆಯ ಸಂಖ್ಯೆಯ ಮರೆಯಲ್ಲಿ ಹೊರಬೀಳುತ್ತಿದ್ದುವು. ಉಳಿದ ಪಾಳೆಯಗಳ ಕಾಗದಗಳಲ್ಲಿ ಊರಿನ ಹೆಸರುಂಟು, ಹವೆಯ ವರ್ಣನೆಯುಂಟು, ಮೇಲಧಿಕಾರಿಯ ಮೇಲಣ ದೂರುಂಟು. ಒಂದೇ ಸೈನಿಕನ ಕಾಗದಗಳ ಕಟ್ಟನ್ನು ಬಿಚ್ಚಿ ಕ್ರಮವಾಗಿ ಓದುತ್ತ ಹೋದರೆ ಒಂದು ತಾರೀಖಿನಲ್ಲಿ ಊರಿನ ಹೆಸರು ಥಟ್ಟನೆ ಮಾಯವಾಗಿ, ಅದರ ಸ್ಥಾನದಲ್ಲಿ ಸೈನ್ಯದ ಅಂಚೆಕಚೇರಿಯ ಒಂದು ಸಂಖ್ಯೆಯೂ ನ್ಯೂಯಾರ್ಕಿನ ಅಥವಾ ಸಾನ್ ಫ್ರಾನ್ಸಿಸ್ಕೋವಿನ ಪೋಸ್ಟ್‌ಮಾಸ್ಟರನ ವಿಳಾಸವೂ ಬರುವುವು. ಮನೆಯವರು ತಮ್ಮ ಹುಡುಗನು ಕಡಲನ್ನು ದಾಟಿದನೆಂದು ತಿಳಿಯುತ್ತಿದ್ದುದು ಬಹುಮಟ್ಟಿಗೆ ಈ ಗುರುತಿನಿಂದ. ಆ ಬಳಿಕ ಬರುವುದು ‘ವಿ’ ಟಪಾಲು: 1942ರ ಜೂನ್ ತಿಂಗಳಿನಿಂದ 1945ರ ನವೆಂಬರಿನವರೆಗೆ ಕಾಗದವನ್ನು ಸಣ್ಣ ಫಿಲ್ಮಿನಲ್ಲಿ ಛಾಯಾಚಿತ್ರ ತೆಗೆದು, ಕಡಲಾಚೆ ಮತ್ತೆ ಅಂಗೈಯಗಲಕ್ಕೆ ಮುದ್ರಿಸಿ ಹಂಚುತ್ತಿದ್ದರು. ಸಾಮಾನ್ಯ ಟಪಾಲಾದರೆ ಮೂವತ್ತೇಳು ಚೀಲಗಳನ್ನು ತುಂಬುವಷ್ಟು ಕಾಗದಗಳು ಹೀಗೆ ಒಂದೇ ಚೀಲದಲ್ಲಿ ಅಡಗಿ, ಹಡಗಿನ ಸ್ಥಳವು ಉಳಿಯಿತು. ಆದರೆ ಮಾತಿಗೆ ಒಂದು ಪುಟದ ಕಟ್ಟಳೆ ಬಿದ್ದಿತು.

ಇಲ್ಲಿ ನಮ್ಮ ದೇಶದ ಒಂದು ಉದಾಹರಣೆಯನ್ನು ನೆನೆಯುವುದು ಅಪ್ರಕೃತವಾಗಲಾರದು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ಊರಿಗೆ ಬರೆದ ಕಾಗದಗಳ ಭಾಗಗಳು ಇಂದು ಲಂಡನ್ನಿನಲ್ಲಿ ದೊರೆಯುವುವು. ಅವು ಉಳಿದುದು ಪರಿಶೀಲಕರ ವರದಿಗಳಲ್ಲಿ; ಸಿಪಾಯಿಯ ಮಾತನ್ನು ಸಂಶಯದಿಂದ ಓದಿ, ಇಂಗ್ಲಿಷಿಗೆ ತಿರುಗಿಸಿ, ಸರ್ಕಾರಕ್ಕೆ ಒಪ್ಪಿಸಿದವರ ದೆಸೆಯಿಂದ. ಅಲ್ಲಿ ಬರೆದವನಿಗೆ ತನ್ನ ಕಾಗದವನ್ನು ಮೂರನೆಯವನೊಬ್ಬನು ಓದುವನೆಂಬ ಅರಿವಿದ್ದಿತು. ಆದುದರಿಂದ ಆತನು ಒಗಟಿನಲ್ಲಿ, ಸಂಕೇತದಲ್ಲಿ ಮಾತನಾಡುತ್ತಿದ್ದನು. ಅಮೆರಿಕದ ಪಾಳೆಯದ ಕಾಗದವು ಉಳಿದುದು ತಾಯಿಯ ಅಥವಾ ಹೆಂಡತಿಯ ಪೆಟ್ಟಿಗೆಯಲ್ಲಿ. ಅಲ್ಲಿ ಪರಿಶೀಲಕನಿಲ್ಲ. ಆದರೆ ಮರೆಮಾಚುವಿಕೆಯೇ ಇಲ್ಲವೆಂದು ಭಾವಿಸಬಾರದು. ಅದನ್ನು ಮಾಡುತ್ತಿದ್ದವನು ಬರೆಯುವವನೇ.

ಆತನು ಮರೆಮಾಚುತ್ತಿದ್ದುದೇನು? ಮೊದಲನೆಯದು ಸಾವು. ಸ್ವದೇಶದ ಪಾಳೆಯವೆಂದರೆ ಅಪಾಯವಿಲ್ಲದ ಸ್ಥಳವೆಂದು ಮನೆಯವರೂ ತಿಳಿದಿದ್ದರು, ಈಗಿನ ಓದುಗರೂ ತಿಳಿಯುವರು. ಲೆಕ್ಕಗಳು ಬೇರೆಯಾಗಿವೆ. ಯುದ್ಧಕಾಲದಲ್ಲಿ ಅಮೆರಿಕದ ನೆಲದ ಮೇಲೆಯೇ ಸೇನಾ ವಿಮಾನಗಳ ಐವತ್ತು ಸಾವಿರಕ್ಕೂ ಮೀರಿದ ಅಪಘಾತಗಳು ನಡೆದು, ಸುಮಾರು 15,000 ಮಂದಿ ಪ್ರಾಣವನ್ನು ನೀಗಿದರು. ಇವರು ಶತ್ರುವಿನ ಗುಂಡಿಗೆ ಬಿದ್ದವರಲ್ಲ. ರಾತ್ರಿಯ ಹಾರಾಟದಲ್ಲಿ ದಾರಿತಪ್ಪಿ, ಬೆಟ್ಟಕ್ಕೆ ತಾಗಿ, ಇಳಿಯುವಾಗ ಉರುಳಿ ಸತ್ತವರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಪಕ್ಕದ ಮಂಚವು ಬರಿದಾದುದನ್ನು ಕಂಡವನು ಆ ಸಂಜೆ ಮನೆಗೆ ಬರೆಯಲು ಕುಳಿತಾಗ ಹವೆಯನ್ನೂ ಊಟವನ್ನೂ ಕುರಿತು ಬರೆಯುತ್ತಿದ್ದನು. ಇಂತಹ ಪತ್ರಗಳನ್ನು ನೀರಸವೆಂದು ತಳ್ಳಿಬಿಡುವ ಓದುಗನು ಅವುಗಳ ಮುಖ್ಯವಾದ ಭಾಗವನ್ನೇ ಓದಿಲ್ಲವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಸೋಲು. 1939ರ ಜುಲೈಯಿಂದ 1945ರ ಆಗಸ್ಟಿನವರೆಗೆ ಸುಮಾರು 1,93,000 ಮಂದಿ ವಿಮಾನ ಚಾಲಕರಾಗಿ ತೇರ್ಗಡೆ ಹೊಂದಿದರು. ಅದೇ ಅವಧಿಯಲ್ಲಿ ಸುಮಾರು 1,24,000 ಮಂದಿ ನಡುವೆಯೇ ತೆಗೆದುಹಾಕಲ್ಪಟ್ಟರು ಅಥವಾ ಸತ್ತರು. ತೆಗೆದುಹಾಕಲ್ಪಡುವುದಕ್ಕೆ ಪಾಳೆಯದ ಆಡುಮಾತಿನಲ್ಲಿ ‘ತೊಳೆದುಹೋಗುವುದು’ ಎಂಬ ಅರ್ಥದ ಪದವಿದ್ದಿತು. ಬಣ್ಣವು ನೀರಿನಲ್ಲಿ ತೊಳೆದುಹೋಗುವಂತೆ ಎಂದು ಭಾವ. ತೊಳೆದುಹೋದವನು ಚಾಲಕನಾಗುವ ಆಸೆಯೊಡನೆ ತಿಂಗಳಿಗೆ 75 ಡಾಲರುಗಳ ಶಿಕ್ಷಾರ್ಥಿ ವೇತನವನ್ನೂ ಕಳೆದುಕೊಂಡು, 50 ಡಾಲರಿನ ಸಾಮಾನ್ಯ ಸಿಪಾಯಿಯಾಗುತ್ತಿದ್ದನು. ಮಗನು ಚಾಲಕನಾಗುವನೆಂದು ಊರಿನಲ್ಲೆಲ್ಲ ಹೇಳಿಕೊಂಡಿದ್ದ ತಂದೆಗೆ ಇದನ್ನು ಬರೆಯುವುದೆಂತು? ಕಾಗದಗಳ ಕಟ್ಟಿನಲ್ಲಿ ಒಂದೆರಡು ವಾರಗಳ ಮೌನವು ಕಂಡರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಜರೆಲನು ತೊಳೆದುಹೋದವರಲ್ಲಿ ಒಬ್ಬನು. ಟೆನೆಸಿ ಸಂಸ್ಥಾನದ ನ್ಯಾಷ್‌ವಿಲ್ಲಿನಲ್ಲಿ ಹುಟ್ಟಿ, ಅಲ್ಲಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಜಾನ್ ಕ್ರೋ ರ್‍ಯಾನ್ಸಮ್, ಆಲೆನ್ ಟೇಟ್ ಮೊದಲಾದ ಹಿರಿಯರ ಒಲವನ್ನು ಗಳಿಸಿ, ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದನು. 1940ರಲ್ಲಿ ವಿವಾಹವಾಯಿತು. 1942ರಲ್ಲಿ ಮೊದಲನೆಯ ಕವನಸಂಗ್ರಹವು ಹೊರಬಂದಿತು. ಅದೇ ವರ್ಷ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ವಿಮಾನದಳವನ್ನು ಸೇರಿದನು. ಚಾಲಕನಾಗುವ ಪ್ರಯತ್ನವು ಫಲಿಸಲಿಲ್ಲ. ಅಲ್ಲಿಂದ ಮುಂದೆ ಟೆಕ್ಸಾಸಿನ ಶೆಪರ್ಡ್ ಫೀಲ್ಡ್, ಇಲಿನಾಯ್ ಸಂಸ್ಥಾನದ ಶನೂಟ್ ಫೀಲ್ಡ್, ಕೊನೆಗೆ ಅರಿಜೋನದ ಟೂಸಾನ್ ನಗರದ ಬಳಿಯ ಡೇವಿಸ್ ಮಂಥಾನ್ ಫೀಲ್ಡ್, ಹೀಗೆ ಮೂರು ಪಾಳೆಯಗಳು. ಪತ್ನಿಗೆ ಬರೆದ ಕಾಗದಗಳು ಮುಖ್ಯವಾಗಿ ಮೊದಲಿನೆರಡು ಪಾಳೆಯಗಳ ಕಾಲದವು. ಟೂಸಾನಿನಲ್ಲಿ ಆಕೆಯೂ ಬಂದು ಜೊತೆಗೂಡಿದುದರಿಂದ ಆಮೇಲಿನವು ಕವಿಮಿತ್ರರಿಗೆ ಹೋದುವು. ದೂರವು ಕಳೆದೊಡನೆ ಪತ್ರವು ನಿಲ್ಲುತ್ತದೆ. ಜೀವನಚರಿತ್ರೆಯನ್ನು ಬರೆಯುವವನು ಅತ್ಯಂತ ಸುಖದ ತಿಂಗಳುಗಳ ವಿಷಯದಲ್ಲಿಯೇ ಆಧಾರವಿಲ್ಲದೆ ಉಳಿಯುವನು.

ಹೊಸದಾಗಿ ಸೇರಿದಾಗಿನ ಕಾಗದಗಳಲ್ಲಿ ಕಾಣುವ ಮುಖ್ಯಭಾವವು ನಂಬಲಾರದ ಬೆರಗು. ಸೈನ್ಯವೆಂಬುದೊಂದು ಇಂತಹದಾಗಿರಲು ಸಾಧ್ಯವೇ ಎಂಬ ದಿಗ್ಭ್ರಮೆ. ಇಷ್ಟೊಂದು ಪುಸ್ತಕಗಳನ್ನು ಓದಿದ್ದರೂ ಅವುಗಳಲ್ಲಿ ಒಂದೂ ತನಗೆ ಇದರ ಸುಳಿವನ್ನು ಕೊಡಲಿಲ್ಲವಲ್ಲ ಎಂಬ ಆಕ್ಷೇಪಣೆ. ಓದನ್ನೇ ಉಸಿರಾಗಿಸಿಕೊಂಡಿದ್ದ ಅಧ್ಯಾಪಕನೊಬ್ಬನಿಂದ ಈ ದೂರು ಬರುವುದು ಸಣ್ಣ ಸಂಗತಿಯಲ್ಲ. ಪುಸ್ತಕವು ಹೇಳದೆ ಬಿಟ್ಟುದು ಯಾವುದೆಂಬ ಶೋಧವು ಆತನಲ್ಲಿ ಅಲ್ಲಿಂದ ಆರಂಭವಾಯಿತೆಂದು ಊಹಿಸಬಹುದು. 1943ಕ್ಕೆ ಮುಂಚಿನ ಆತನ ಪದ್ಯಗಳಲ್ಲಿ ಲೋಕದ ಗತಿಯನ್ನು ಕುರಿತ ದೊಡ್ಡ ಮಾತುಗಳು ಹೆಚ್ಚು, ಮನುಷ್ಯರು ಕಡಮೆ. ಪಾಳೆಯವನ್ನು ಸೇರಿದ ಬಳಿಕ ಮಾತು ಇಳಿಯುತ್ತದೆ, ಮನುಷ್ಯರು ಬರುತ್ತಾರೆ. ಆ ಬದಲಾವಣೆಯು ಪದ್ಯಗಳಿಗೆ ಮುಂಚೆ ಪತ್ರಗಳಲ್ಲಿ ಕಾಣುವುದು.

ಸಹಸೈನಿಕರನ್ನು ಕುರಿತ ಆತನ ತೀರ್ಪುಗಳು ಕಟುವಾಗಿರುವುವು. ಅವರಲ್ಲಿ ಬಹುಪಾಲಿನವರಿಗೆ ಈ ಯುದ್ಧವು ಏತಕ್ಕೆ ನಡೆಯುತ್ತಿದೆಯೆಂಬುದೇ ತಿಳಿಯದು, ಅವರನ್ನು ನಡೆಸುತ್ತಿರುವುದು ದೇಶಾಭಿಮಾನವೂ ವರ್ಣದ್ವೇಷವೂ ಎಂಬರ್ಥದ ಮಾತನ್ನು ಸ್ನೇಹಿತನೊಬ್ಬನಿಗೆ ಬರೆದಿರುವನು. ಜಪಾನೀಯರ ಮೇಲಣ ದ್ವೇಷವನ್ನು ಸ್ವದೇಶದ ಕರಿಯರ ಮೇಲಣ ದ್ವೇಷದೊಡನೆ ಒಂದೇ ತಕ್ಕಡಿಯಲ್ಲಿ ಇಟ್ಟಿರುವನು. ಪರಿಶೀಲನೆಗೊಳಗಾಗುವ ಕಾಗದದಲ್ಲಿ ಇಂತಹ ವಾಕ್ಯಕ್ಕೆ ಕತ್ತರಿ ಬೀಳುವ ಭಯವಿರುತ್ತಿತ್ತು. ಬರೆಯುವವನ ಕೈಯೇ ಹಿಂಜರಿಯುತ್ತಿತ್ತು. ಆ ಕಾಲದ ಸೈನ್ಯದಲ್ಲಿ ಕರಿಯರ ದಳಗಳು ಬೇರೆಯಾಗಿದ್ದುವು, ಅವರ ವಿಮಾನ ಚಾಲಕರ ತರಬೇತಿಯು ಅಲಬಾಮದ ಟಸ್ಕೀಗಿಯಲ್ಲಿ ಪ್ರತ್ಯೇಕವಾಗಿ ನಡೆಯುತ್ತಿದ್ದಿತು ಎಂಬುದನ್ನು ನೆನೆದರೆ ಈ ಮಾತಿನ ನೆಲೆಯು ಗೋಚರವಾಗುವುದು. ಆದರೆ ಇದೇ ಜನರನ್ನು ಕುರಿತು ಪದ್ಯಗಳಲ್ಲಿ ಬರೆಯುವಾಗ ತೀರ್ಪು ಕರಗಿ ಮರುಕವಾಗುವುದು. ಪತ್ರದ ಜರೆಲನು ಅವರನ್ನು ಖಂಡಿಸುವನು. ಪದ್ಯದ ಜರೆಲನು ಅವರ ಪರವಾಗಿ ಸಾಕ್ಷಿ ಹೇಳುವನು. ಈ ಎರಡರಲ್ಲಿ ಯಾವುದು ನಿಜವಾದ ಜರೆಲ್ ಎಂದು ಕೇಳುವ ವಿಮರ್ಶಕರಿರುವರು. ಎರಡೂ ನಿಜ, ಒಂದನ್ನು ಬರೆದು ಹಗುರವಾದುದರಿಂದಲೇ ಮತ್ತೊಂದು ಸಾಧ್ಯವಾಯಿತೋ ಏನೋ.

ಇನ್ನು ಟೂಸಾನಿನ ಉದ್ಯೋಗ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡೇವಿಸ್ ಮಂಥಾನ್ ಪಾಳೆಯವು ಎರಡನೆಯ ವಾಯುಸೇನೆಯ ಆಡಳಿತಕ್ಕೆ ಸೇರಿ, ಭಾರಿ ಬಾಂಬುವಿಮಾನಗಳ ತಂಡಗಳನ್ನು ಸಿದ್ಧಪಡಿಸುವ ಸ್ಥಳವಾಗಿದ್ದಿತು. ಮೊದಲು ಬಿ-24, ಯುದ್ಧದ ಕೊನೆಗಾಲದಲ್ಲಿ ಬಿ-29. ರಾತ್ರಿಯಲ್ಲಿ ಕಡಲ ಮೇಲೆ ಹಾರುವ ವಿಮಾನವು ನಕ್ಷತ್ರಗಳನ್ನು ನೋಡಿ ದಾರಿಯನ್ನು ಕಂಡುಕೊಳ್ಳಬೇಕು. ಈ ವಿದ್ಯೆಯನ್ನು ನೆಲದ ಮೇಲೆಯೇ ಕಲಿಸುವುದಕ್ಕೆಂದು ಎಡ್ವಿನ್ ಲಿಂಕ್ ಮತ್ತು ನೌಕಾಯಾನ ಶಾಸ್ತ್ರಜ್ಞನಾದ ವೀಮ್ಸ್ ಎಂಬವರು ಒಂದು ವಿಚಿತ್ರವಾದ ಯಂತ್ರವನ್ನು ರಚಿಸಿದ್ದರು. ಕಣಜದಂತೆ ದುಂಡಗೆ ಎದ್ದುನಿಂತ, ಸುಮಾರು 45 ಅಡಿ ಎತ್ತರದ ಗೋಪುರ. ಅದರೊಳಗೆ ತೂಗುಬಿಟ್ಟ ವಿಮಾನದ ಮುಂಭಾಗ. ಅದರಲ್ಲಿ ಚಾಲಕ, ದಾರಿಕಾರ, ಬಾಂಬು ಹಾಕುವವನು ಮೊದಲಾದವರು ಕುಳಿತುಕೊಳ್ಳುವರು. ತಲೆಯ ಮೇಲೆ ದೀಪಗಳ ನಕ್ಷತ್ರಗಳನ್ನು ಜೋಡಿಸಿದ ಗುಮ್ಮಟವು ನಿಜವಾದ ಆಕಾಶವು ತಿರುಗುವಂತೆ ತಿರುಗುವುದು; ಕಾಲಕೆಳಗೆ ಭೂಮಿಯ ಚಿತ್ರವು ಸರಿಯುವುದು. ದಾರಿಕಾರನು ಕೋನಮಾಪಕವನ್ನು ಹಿಡಿದು ಕೃತಕ ನಕ್ಷತ್ರಗಳ ಎತ್ತರವನ್ನು ಅಳೆದು, ತಾನು ಎಲ್ಲಿರುವೆನೆಂದು ಲೆಕ್ಕಹಾಕುವನು. ಗಂಟೆಗಟ್ಟಲೆ ಹಾರಿದರೂ ಗೋಪುರವನ್ನು ಬಿಟ್ಟು ಹೋಗಿರುವುದಿಲ್ಲ. ಈ ಗೋಪುರವನ್ನು ನಡೆಸುವ ಶಿಕ್ಷಕನೇ ಜರೆಲ್. ತನ್ನ ಹುದ್ದೆಯ ಹೆಸರು ಇಡೀ ವಿಮಾನದಳದಲ್ಲಿಯೇ ಅತ್ಯಂತ ಕಾವ್ಯಮಯವಾದುದೆಂದು ಆತನು ಹೆಮ್ಮೆಪಡುತ್ತಿದ್ದನು.

ಕಾಗದವೊಂದರಲ್ಲಿ ಈ ಯಂತ್ರವನ್ನು ಆತನು ವಿವರಿಸಿರುವ ಬಗೆಯನ್ನು ಅಧ್ಯಾಪಕರು ಗಮನಿಸಬೇಕು. ಅಲ್ಲಿ ಅಲಂಕಾರವಿಲ್ಲ. ಗೋಪುರದ ಎತ್ತರವೆಷ್ಟು, ತೂಗುವುದು ಯಾವುದು, ತಿರುಗುವುದು ಯಾವುದು, ಯಾರು ಏನನ್ನು ಮಾಡುವರು ಎಂಬುದನ್ನು ಕಮ್ಮಟದ ಕೆಲಸಗಾರನಂತೆ ಒಂದಾದಮೇಲೊಂದಾಗಿ ಹೇಳುವನು. ಕೆಲಸವು ಆತನಿಗೆ ಹಿಡಿಸಿದ್ದಿತು, ತನ್ನ ಶಿಷ್ಯರು ಸರಿಯಾಗಿ ಕಲಿತರೆ ಬದುಕಿ ಮರಳಬಹುದು ಎಂಬ ಎಚ್ಚರವೂ ಇದ್ದಿತೆಂದು ತೋರುತ್ತದೆ. ಅಲ್ಲಿ ಕಲಿತವರು ಪಾಳೆಯವನ್ನು ಬಿಟ್ಟು ಯೂರೋಪಿಗೂ ಪೆಸಿಫಿಕ್ಕಿಗೂ ಹೋದರು; ಶಿಕ್ಷಕನು ಅಲ್ಲಿಯೇ ಉಳಿದನು; ಹೊಸ ತಂಡವು ಬಂದಿತು. ಇವರಲ್ಲಿ ಎಷ್ಟು ಮಂದಿ ಬದುಕಿದರೆಂಬುದನ್ನು ಆತನು ಪತ್ರಿಕೆಗಳಿಂದಲೇ ಊಹಿಸಬೇಕಾಗಿದ್ದಿತು. ಕಾಣದ ಯುದ್ಧದ ಪದ್ಯಗಳನ್ನು ಬರೆಯುವ ಅಧಿಕಾರವು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ನಮಗೆ ಸಿಗುವ ಉತ್ತರದ ತಿರುಳು ಇಲ್ಲಿರುವುದು. ಸತ್ತವರನ್ನು ಆತನು ಕಂಡಿದ್ದನು, ಅವರು ಸಾಯುವ ಮುನ್ನ.

ಈಗ ಪದ್ಯಗಳನ್ನು ನೋಡಬಹುದು. 1945ರಲ್ಲಿ ಪ್ರಕಟವಾದ ‘ಲಿಟಲ್ ಫ್ರೆಂಡ್, ಲಿಟಲ್ ಫ್ರೆಂಡ್’ ಎಂಬ ಸಂಗ್ರಹದಲ್ಲಿ ‘ಸೆಕೆಂಡ್ ಏರ್ ಫೋರ್ಸ್’ ಎಂಬ ಪದ್ಯವಿದೆ. ಮಗನನ್ನು ನೋಡಲೆಂದು ತಾಯಿಯೊಬ್ಬಳು ಪಾಳೆಯಕ್ಕೆ ಬಂದಿರುವಳು. ಅವಳ ಕಣ್ಣಿಗೆ ಬೀಳುವುದೆಲ್ಲ ಪಾಳೆಯದ ಮರಳು, ವಿಮಾನಗಳ ಕೊಟ್ಟಿಗೆ, ಸಾಲುಗಟ್ಟಿದ ಹುಡುಗರು. ಹಿಂದಿನ ವಾರ ಪತ್ರಿಕೆಯಲ್ಲಿ ಓದಿದ ಒಂದು ಸುದ್ದಿಯು ಅವಳ ಮನಸ್ಸಿಗೆ ಬರುವುದು: ಜರ್ಮನಿಯ ಮೇಲೆ ಉರಿಯುತ್ತಿದ್ದ ಬಾಂಬುವಿಮಾನಕ್ಕೂ ಅದರ ಕಾವಲಿನ ಚಿಕ್ಕ ವಿಮಾನಕ್ಕೂ ರೇಡಿಯೋದಲ್ಲಿ ನಡೆದ ಸಂಭಾಷಣೆ. ಕಾವಲಿನ ವಿಮಾನವನ್ನು ‘ಚಿಕ್ಕ ಗೆಳೆಯ’ ಎಂದು ಕರೆಯುವುದು ರೇಡಿಯೋ ಸಂಕೇತವಾಗಿದ್ದಿತು. ಸಂಗ್ರಹದ ಹೆಸರು ಅಲ್ಲಿಂದ ಬಂದುದು. ಇದನ್ನೆಲ್ಲ ಕವಿಯೇ ಟಿಪ್ಪಣಿಯಲ್ಲಿ ತಿಳಿಸಿರುವನು. ಪದ್ಯದ ಕಟ್ಟಡವನ್ನು ಈ ಟಿಪ್ಪಣಿಯೊಡನೆ ಹೋಲಿಸಿದರೆ ಒಂದು ವಿಷಯವು ಹೊಳೆಯುವುದು. ಯುದ್ಧವು ಪದ್ಯದೊಳಕ್ಕೆ ಬರುವುದು ಪತ್ರಿಕೆಯ ಮೂಲಕ, ಅದೂ ಬೇರೊಬ್ಬಳ ನೆನಪಿನ ಮೂಲಕ. ಪಾಳೆಯವು ಬರುವುದು ನೇರವಾಗಿ. ತಾನು ಕಂಡುದಾವುದು, ಕೇಳಿದುದಾವುದು ಎಂಬ ಗಡಿಯನ್ನು ಕವಿಯು ಅಳಿಸಿಲ್ಲ. ಆ ಗಡಿಯ ಮೇಲೆಯೇ ತಾಯಿಯನ್ನು ನಿಲ್ಲಿಸಿರುವನು. ಮಗನ ಕಾಗದಗಳನ್ನು ಇಷ್ಟು ದಿನ ಓದುತ್ತಿದ್ದವಳು ಈಗ ಕಾಗದದಲ್ಲಿಲ್ಲದುದನ್ನು ತಾನೇ ಕಾಣುತ್ತಿರುವಳು.

ಅದೇ ಸಂಗ್ರಹದಲ್ಲಿರುವ ‘ಲಾಸಸ್’ ಎಂಬ ಪದ್ಯದಲ್ಲಿ ಮಾತನಾಡುವವರು ಮೊದಲು ತರಬೇತಿಯಲ್ಲಿ ಸಾಯುವರು, ಆಮೇಲೆ ಯುದ್ಧದಲ್ಲಿ. ತರಬೇತಿಯ ಸಾವಿಗೆ ಯಾರೂ ಸಾವೆಂಬ ಹೆಸರನ್ನು ಕೊಡುವುದಿಲ್ಲ. ಅದು ಲೆಕ್ಕದ ಪುಸ್ತಕದ ನಷ್ಟ. ಮೇಲೆ ಹೇಳಿದ ಹದಿನೈದು ಸಾವಿರವನ್ನು ತಿಳಿಯದೆ ಈ ಪದ್ಯವನ್ನು ಪಾಠ ಹೇಳಿದರೆ ಮೊದಲ ಭಾಗವು ಕೇವಲ ಉಪಮಾನವೆಂದು ವಿದ್ಯಾರ್ಥಿಗಳು ಗ್ರಹಿಸುವರು. ಅದು ಉಪಮಾನವಲ್ಲ. ‘ಮೇಲ್ ಕಾಲ್’ ಎಂಬ ಚಿಕ್ಕ ಪದ್ಯವು ಟಪಾಲಿನ ಬಟವಾಡೆಯನ್ನು ಕುರಿತದ್ದು. ಸೈನಿಕನು ತನ್ನ ಹೆಸರಿನ ಕೂಗಿಗಾಗಿ ಕಾದಿರುವನು. ಸೈನ್ಯದಲ್ಲಿ ಹೆಸರನ್ನು ಕೂಗುವುದು ಸಾಮಾನ್ಯವಾಗಿ ಕೆಲಸಕ್ಕೋ ಶಿಕ್ಷೆಗೋ. ಇದೊಂದು ವೇಳೆಯಲ್ಲಿ ಮಾತ್ರ ಹೆಸರು ಮನೆಯಿಂದ ಬಂದ ಹೆಸರಾಗಿರುವುದು.

ಐದು ಪಂಕ್ತಿಯ ಪ್ರಸಿದ್ಧ ಪದ್ಯವಾದ ‘ದಿ ಡೆತ್ ಆಫ್ ದಿ ಬಾಲ್ ಟರೆಟ್ ಗನ್ನರ್’ ವಿಷಯದಲ್ಲಿ ತರಗತಿಗಳಲ್ಲಿ ಒಂದು ತಪ್ಪು ರೂಢಿಯಾಗಿರುವುದುಂಟು. ಕವಿಯು ಫಿರಂಗಿಕಾರನಾಗಿದ್ದನೆಂದೋ, ಬಾಂಬುವಿಮಾನದಲ್ಲಿ ಹಾರಿದ್ದನೆಂದೋ ಹೇಳಿಬಿಡುವರು. ಹಾಗಲ್ಲವೆಂದು ತಿಳಿದೊಡನೆ ವಿದ್ಯಾರ್ಥಿಯು ಮೋಸಹೋದವನಂತೆ ಪದ್ಯದಿಂದ ದೂರ ಸರಿಯುವನು. ಎರಡೂ ಅನಾವಶ್ಯಕ. ಬಿ-17, ಬಿ-24 ವಿಮಾನಗಳ ಹೊಟ್ಟೆಗೆ ಸೇರಿಸಿದ ಪಾರದರ್ಶಕವಾದ ಗೋಲದಲ್ಲಿ ಎರಡು ಯಂತ್ರಬಂದೂಕುಗಳೊಡನೆ ಗಿಡ್ಡ ಮೈಯ ಒಬ್ಬನು ಮುದುಡಿ ಕುಳಿತುಕೊಳ್ಳುತ್ತಿದ್ದನು. ಗೋಲವು ತಿರುಗಿದಾಗ ಆತನು ತಲೆಕೆಳಗಾಗುತ್ತಿದ್ದನು. ಬಿ-24 ತಂಡಗಳ ಪಾಳೆಯದಲ್ಲಿದ್ದವನಿಗೆ ಈ ಗೋಲವೂ ಅದರೊಳಕ್ಕೆ ಹೋಗುವ ಹುಡುಗರೂ ನೋಟದಲ್ಲಿಯೇ ಇದ್ದರು. ಗರ್ಭದಲ್ಲಿರುವ ಶಿಶುವಿನ ಹೋಲಿಕೆಯನ್ನು ಹುಟ್ಟಿಸಿದುದು ಆ ಕುಳಿತ ಭಂಗಿ.

ಪತ್ರಗಳ ಪಾಠವನ್ನು ಕುರಿತು ಎರಡು ಮಾತು. ಅವು ಅಚ್ಚಾದುದು 1985ರಲ್ಲಿ. ಸಂಪಾದಿಸಿದಾಕೆ ಕವಿಯ ಎರಡನೆಯ ಪತ್ನಿಯಾದ ಮೇರಿ ಜರೆಲ್. ಗ್ರಂಥದ ಹೆಸರಿನಲ್ಲಿಯೇ ಅದು ಆಯ್ಕೆಯೆಂದು ಸೂಚಿಸಿದೆ. ಮೊದಲನೆಯ ಪತ್ನಿಗೆ ಬರೆದ ಕಾಗದಗಳನ್ನು ಎರಡನೆಯ ಪತ್ನಿಯು ಆರಿಸಿ ಮುದ್ರಿಸಿರುವಳೆಂಬುದನ್ನು ಸಂಶೋಧಕನು ಮರೆಯಲಾಗದು. ಆಕೆಯು ಅವನ್ನು ಸೇರಿಸಿದುದೇ ಔದಾರ್ಯವೆಂದು ನಾವು ಎಣಿಸುವೆವು. ಗ್ರಂಥದಲ್ಲಿ ಕೇಳುವುದು ಒಬ್ಬನ ದನಿ ಮಾತ್ರ. ಸೈನಿಕರ ಪತ್ರವ್ಯವಹಾರದಲ್ಲಿ ಇದು ಸಾಮಾನ್ಯ: ಮನೆಯವರು ಮಗನ ಕಾಗದಗಳನ್ನು ಪೆಟ್ಟಿಗೆಯಲ್ಲಿ ಕಾಪಾಡುವರು, ಮಗನಿಗೆ ಮನೆಯ ಕಾಗದಗಳನ್ನು ಹೊತ್ತು ತಿರುಗಲು ಚೀಲದಲ್ಲಿ ಸ್ಥಳವಿರುವುದಿಲ್ಲ. ಮನೆಯಲ್ಲಿದ್ದವರ ಯುದ್ಧವು ಹೀಗೆ ಅರ್ಧಕ್ಕರ್ಧ ನಷ್ಟವಾಗಿದೆ. ಅವರು ಕೇಳಿದ ಪ್ರಶ್ನೆಗಳನ್ನು ಉತ್ತರಗಳಿಂದಲೇ ಊಹಿಸಬೇಕು.

ಮಿತ್ರರಿಗೆ ಬರೆದವುಗಳಲ್ಲಿ 1945ರಲ್ಲಿ ರಾಬರ್ಟ್ ಲೋವೆಲ್ ಕವಿಗೆ ಹೋದುವು ಬೇರೆಯ ಬೆಲೆಯುಳ್ಳವು. ಲೋವೆಲನು ಸೈನ್ಯವನ್ನು ಸೇರಲೊಪ್ಪದೆ 1943ರಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿದ್ದು ಬಂದವನು. ಆತನ ‘ಲಾರ್ಡ್ ವಿಯರೀಸ್ ಕ್ಯಾಸಲ್’ ಸಂಗ್ರಹದ ಹಸ್ತಪ್ರತಿಯನ್ನು ಜರೆಲನು ಪಾಳೆಯದಲ್ಲಿ ಕುಳಿತು ಪದ್ಯಪದ್ಯವಾಗಿ, ಪಂಕ್ತಿಪಂಕ್ತಿಯಾಗಿ ತಿದ್ದಿ ಸಲಹೆಗಳನ್ನು ಕಳುಹಿಸಿದನು. ಅದು 1946ರಲ್ಲಿ ಹೊರಬಂದು ಮರುವರ್ಷ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಸಮವಸ್ತ್ರವನ್ನು ತೊಟ್ಟವನೂ ಅದನ್ನು ನಿರಾಕರಿಸಿದವನೂ ಒಂದು ಪಂಕ್ತಿಯ ಲಯವನ್ನು ಕುರಿತು ಚರ್ಚಿಸುತ್ತಿದ್ದರೆಂಬುದು ಆ ಕಾಲದ ಸಾಹಿತ್ಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ. ಅದೇ 1945ರ ಏಪ್ರಿಲಿನಲ್ಲಿ ಯುದ್ಧವಾರ್ತೆಗಾರನಾದ ಅರ್ನೀ ಪೈಲನು ಪೆಸಿಫಿಕ್ಕಿನ ದ್ವೀಪವೊಂದರಲ್ಲಿ ಗುಂಡಿಗೆ ಬಲಿಯಾದಾಗ ಜರೆಲನು ‘ದಿ ನೇಷನ್’ ಪತ್ರಿಕೆಗೆ ಆತನನ್ನು ಕುರಿತು ಬರೆದ ಲೇಖನವನ್ನೂ ಈ ಪತ್ರಗಳ ಪಕ್ಕದಲ್ಲಿಟ್ಟು ಓದಬೇಕು. ಸೈನ್ಯವೆಂಬ ರಾಶಿಯಲ್ಲಿ ಒಬ್ಬೊಬ್ಬನನ್ನೂ ಅವನವನ ಊರು ಹೆಸರುಗಳಿಂದ ಗುರುತಿಸಿದ ಪೈಲನ ಗುಣವನ್ನೇ ಆತನು ಅಲ್ಲಿ ಎತ್ತಿಹೇಳಿರುವನು. 1946ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಅದೇ ಪತ್ರಿಕೆಯ ಸಾಹಿತ್ಯ ಸಂಪಾದಕನಾಗಿ ಒಂದು ವರ್ಷ ನ್ಯೂಯಾರ್ಕಿನಲ್ಲಿದ್ದನು.

ಸೈನಿಕರ ಪತ್ರಗಳನ್ನು ಸಂಗ್ರಹಿಸುವ ಕಾರ್ಯವು ಅಮೆರಿಕದಲ್ಲಿ ತಡವಾಗಿಯಾದರೂ ನಡೆದಿದೆ. 1998ರಲ್ಲಿ ಆಂಡ್ರ್ಯೂ ಕ್ಯಾರಲ್ ಎಂಬಾತನು ಆರಂಭಿಸಿದ ಸಂಗ್ರಹವು ಈಗ ಕ್ಯಾಲಿಫೋರ್ನಿಯದ ಚಾಪ್ಮನ್ ವಿಶ್ವವಿದ್ಯಾನಿಲಯದಲ್ಲಿದೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿಯೂ 2000ದಲ್ಲಿ ಇದೇ ಬಗೆಯ ಏರ್ಪಾಡಾಯಿತು. ಸಂಗ್ರಹಿಸುವವರು ಕಾಗದದೊಡನೆ ಲಕೋಟೆಯನ್ನೂ ಇಟ್ಟುಕೊಳ್ಳುವುದು ಬಹಳ ಮುಖ್ಯ. ಪಾಳೆಯದ ಕಾಗದಗಳಲ್ಲಿ ತಾರೀಖಿನ ಬದಲು ‘ಭಾನುವಾರ ರಾತ್ರಿ’ ಎಂದಷ್ಟೇ ಇರುವುದುಂಟು. ಅಂಚೆಯ ಮುದ್ರೆಯೊಂದೇ ಕಾಲವನ್ನು ನಿರ್ಣಯಿಸುವ ಸಾಧನ. ಎಡಮೂಲೆಯಲ್ಲಿ ಬರೆದ ದರ್ಜೆಯು ಒಂದು ವಾರದಿಂದ ಇನ್ನೊಂದಕ್ಕೆ ಬದಲಾಗಿದ್ದರೆ, ಒಳಗೆ ಹೇಳದೆ ಬಿಟ್ಟ ಸೋಲು ಹೊರಗೆ ಬರೆದಿರುವುದು.

ಉಳಿಯದ ಕಾಗದಗಳ ವಿಷಯವನ್ನೂ ಜರೆಲನು ಬಿಟ್ಟಿಲ್ಲ. 1948ರ ‘ಲಾಸಸ್’ ಸಂಗ್ರಹದಲ್ಲಿ ‘ಬರ್ನಿಂಗ್ ದಿ ಲೆಟರ್ಸ್’ ಎಂಬ ದೀರ್ಘ ಪದ್ಯವಿದೆ. ಪೆಸಿಫಿಕ್ಕಿನಲ್ಲಿ ಮಡಿದ ಚಾಲಕನೊಬ್ಬನ ಹೆಂಡತಿಯು, ಆತನು ಸತ್ತು ಕೆಲವು ವರ್ಷಗಳಾದ ಮೇಲೆ, ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದ ಕಾಗದಗಳನ್ನು ತಾನೇ ಬೆಂಕಿಗೆ ಹಾಕುತ್ತ ಮಾತನಾಡುವಳು. ಆ ಕಾಗದಗಳಲ್ಲಿ ಏನಿದ್ದಿತೆಂದು ಪದ್ಯವು ನಮಗೆ ಓದಿ ಹೇಳುವುದಿಲ್ಲ.